ಶಿವನಸಮುದ್ರದ ಚಿತ್ರದಲ್ಲೊಂದು ಮೋಟಾರು ಕಾರು

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟವು ಹೊರತಂದ ಸ್ಮರಣ ಸಂಚಿಕೆಗೆ ನಾನು ಶಿವನಸಮುದ್ರದ ವಿದ್ಯುದಾಗಾರವನ್ನು ಕುರಿತು ಒಂದು ಲೇಖನ ಬರೆದೆ. ವೈದ್ಯನಿಗೇಕೆ ಈ ವಿಷಯ ಎಂದು ಕೇಳಬಹುದು. ನಾನಿರುವುದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ. 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಾಗ ಜನರೇಟರುಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. ಅದರ ಅಂದಿನ ಕೇಂದ್ರವಾದ ಸ್ಕೆನೆಕ್ಟಡಿ ನಗರವು ನಮ್ಮ ಮನೆಯಿಂದ ಎರಡು ತಾಸಿನ ದಾರಿ. ಇನ್ನೊಂದು ಕಾರಣವೂ ಉಂಟು. ಆ ಕಟ್ಟಡಕ್ಕೆ ನಮ್ಮ ಮುತ್ತಜ್ಜ ಕಲ್ಲು ಹೊತ್ತಿದ್ದರೆಂದು ಮನೆಯಲ್ಲಿ ಹೇಳುತ್ತಾರೆ.

ಲೇಖನದೊಡನೆ ಅಂತರ್ಜಾಲದಲ್ಲಿ ಸಿಕ್ಕ ಒಂದು ಚಿತ್ರವನ್ನೂ ಕಳುಹಿಸಿದ್ದೆ. ಇಳಿಜಾರಿನಲ್ಲಿ ದಪ್ಪ ದಪ್ಪ ಕೊಳವೆಗಳು, ಕೆಳಗೆ ವಿದ್ಯುದಾಗಾರ, ಮುಂದೆ ರುಮಾಲು ಸುತ್ತಿದ ಹತ್ತು ಹನ್ನೆರಡು ಜನ. ಅಡಿಬರಹದಲ್ಲಿ ‘1902’ ಎಂದಿತ್ತು. ಮಳವಳ್ಳಿಯಲ್ಲಿರುವ ಅಪ್ಪನಿಗೆ ತೋರಿಸಿದಾಗ, ಎಡದಿಂದ ಮೂರನೆಯವರು ತಮ್ಮ ತಾತನಂತೆಯೇ ಕಾಣುತ್ತಾರೆಂದು ಅವರು ಹೇಳಿದ್ದರು.

ಸಂಚಿಕೆಯ ಸಂಪಾದಕಿ ನನ್ನ ಗೆಳೆಯರ ಮಗಳು. ಇಲ್ಲಿಯೇ ಹುಟ್ಟಿ, ಕಾನೂನು ಓದುತ್ತಿರುವ ಹುಡುಗಿ. “ಅಂಕಲ್, ಈ ಫೋಟೋ ಯಾರದು?” ಎಂದು ಕೇಳಿದಳು.

“ನಮ್ಮ ಮುತ್ತಜ್ಜನದಿರಬಹುದಮ್ಮ.”

“ಅದಲ್ಲ ಅಂಕಲ್, ತೆಗೆದವರು ಯಾರು?”

‘ಕೃಪೆ: ಅಂತರ್ಜಾಲ’ ಎಂದು ಹಾಕಿದರಾಯಿತು ಎಂದೆ. ಕೃಪೆ ತೋರಲು ಅಂತರ್ಜಾಲವೇನು ದೇವರೇ ಎಂದು ಅವಳು ಕೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದಳು. ಅವಳ ಆತಂಕಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಕೂಟದ ಆಮಂತ್ರಣ ಪತ್ರಿಕೆಯಲ್ಲಿ ಹೀಗೆಯೇ ಸಿಕ್ಕ ಮೈಸೂರು ಅರಮನೆಯ ಚಿತ್ರವನ್ನು ಬಳಸಿ, ಚಿತ್ರ ಮಾರುವ ಸಂಸ್ಥೆಯೊಂದರಿಂದ ನೋಟಿಸು ಬಂದು, ದೀಪಾವಳಿ ಊಟಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ತೆತ್ತಿದ್ದೆವು.

ನಾನು ವಯಸ್ಸಿನ ವಾದ ಹೂಡಿದೆ. 1902ರ ಚಿತ್ರಕ್ಕೆ ಯಾವ ಹಕ್ಕು? ಅವಳು ಒಪ್ಪಿದಳು. ಅಮೆರಿಕದಲ್ಲಿ, ಪ್ರಕಟವಾಗಿ 95 ವರ್ಷ ಕಳೆದ ಹಳೆಯ ಚಿತ್ರದ ಮೇಲೆ ಹಕ್ಕುಸ್ವಾಮ್ಯ ಉಳಿಯುವುದಿಲ್ಲ. ಪ್ರಕಟವಾಗದ, ಅನಾಮಿಕ ಚಿತ್ರವಾದರೂ ತೆಗೆದ 120 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ಅವಳು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದಳು. ಬಲಮೂಲೆಯ ಮರದ ನೆರಳಿನಲ್ಲಿ ಉಬ್ಬಿದ ಮಡ್‌ಗಾರ್ಡಿನ ಮೋಟಾರು ಕಾರೊಂದು ನಿಂತಿತ್ತು! 1930ರ ದಶಕದ ಮಾದರಿ. ಎಕ್ಸ್‌ರೇಗಳಲ್ಲಿ ಕೂದಲೆಳೆಯ ಬಿರುಕು ಹುಡುಕುವ ನನ್ನ ಕಣ್ಣಿಗೆ ಒಂದು ಇಡೀ ಕಾರು ಬಿದ್ದಿರಲಿಲ್ಲ.

ಎಲ್ಲಿ, ಯಾವಾಗ ಮೊದಲು ಪ್ರಕಟವಾಯಿತೆಂದು ತಿಳಿಯದ ಚಿತ್ರಕ್ಕೆ ವಯಸ್ಸಿನ ರಕ್ಷಣೆಯನ್ನು ನೆಚ್ಚುವಂತಿಲ್ಲ. ಉಳಿದದ್ದು ‘ಫೇರ್ ಯೂಸ್’, ಅಂದರೆ ನ್ಯಾಯೋಚಿತ ಬಳಕೆ. 1976ರ ಹಕ್ಕುಸ್ವಾಮ್ಯ ಕಾಯಿದೆಯ 107ನೆಯ ಕಲಮು ನಾಲ್ಕು ಪ್ರಶ್ನೆಗಳನ್ನಿಡುತ್ತದೆ: ಬಳಕೆಯ ಉದ್ದೇಶವೇನು, ಮೂಲಕೃತಿ ಎಂಥದು, ಎಷ್ಟು ಭಾಗ ತೆಗೆದುಕೊಂಡಿರಿ, ಅದರಿಂದ ಮೂಲದ ಮಾರುಕಟ್ಟೆಗೆ ಪೆಟ್ಟಾಗುತ್ತದೆಯೇ? ಯಾವುದೊಂದು ಉತ್ತರವೂ ತಾನೇ ನಿರ್ಣಾಯಕವಲ್ಲ. ರೋಗನಿದಾನದ ಹಾಗೆ ಎಲ್ಲವನ್ನೂ ಕೂಡಿಸಿ ತೂಗಬೇಕು. ಲಾಭಕ್ಕಲ್ಲ ಎಂದ ಮಾತ್ರಕ್ಕೆ, ಮೂಲದ ಹೆಸರು ಹಾಕಿದ ಮಾತ್ರಕ್ಕೆ ಪಾರಾಗಲಾರೆವು. ಇದು ಮೊದಲೇ ಸಿಕ್ಕ ಅನುಮತಿಯೂ ಅಲ್ಲ. ಯಾರಾದರೂ ದಾವೆ ಹೂಡಿದರೆ ನಾವು ಮುಂದಿಡಬಹುದಾದ ಸಮರ್ಥನೆ, ಅಷ್ಟೇ.

ಅವಳು ಒಂದು ಮೊಕದ್ದಮೆಯ ಉದಾಹರಣೆ ಕೊಟ್ಟಳು. ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯವೃಂದದ ಚರಿತ್ರೆಯಲ್ಲಿ ಪ್ರಕಾಶಕರು ಹಳೆಯ ಕಛೇರಿಗಳ ಭಿತ್ತಿಪತ್ರಗಳನ್ನು ಅನುಮತಿಯಿಲ್ಲದೆ, ಆದರೆ ಬಹಳ ಚಿಕ್ಕದಾಗಿ, ಕಾಲಾನುಕ್ರಮದ ವಿವರಣೆಯ ನಡುವೆ ಅಚ್ಚುಹಾಕಿದ್ದರು. 2006ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ನ್ಯಾಯೋಚಿತವೆಂದಿತು. ಪ್ರಚಾರಕ್ಕೆ ತಯಾರಾದದ್ದನ್ನು ಅವರು ಚರಿತ್ರೆಯ ಸಾಕ್ಷ್ಯವಾಗಿ ಬಳಸಿದ್ದರು.

ನಮ್ಮ ಸಮಿತಿಗಾದರೋ ಆ ಚಿತ್ರ ಮುಖಪುಟಕ್ಕೆ ಬೇಕಿತ್ತು. ಅದನ್ನೇ ಮಗ್‌ಗಳ ಮೇಲೆ ಅಚ್ಚುಹಾಕಿ ಮಾರುವ ಯೋಚನೆಯೂ ಇತ್ತು. ಎರಡನ್ನೂ ಕೈಬಿಟ್ಟೆವು. ನಾನು ಲೇಖನವನ್ನು ತಿದ್ದಿ ಬರೆದೆ. ಚಿತ್ರವನ್ನು ಕಾಲುಪುಟದಷ್ಟಕ್ಕೆ ಇಳಿಸಿ, ಅದರ ಪಕ್ಕದಲ್ಲೇ ಕೊಳವೆಗಳ ಬಗ್ಗೆ, ತಪ್ಪು ಅಡಿಬರಹದ ಬಗ್ಗೆ, ಆ ಕಾರಿನ ಬಗ್ಗೆ ಚರ್ಚಿಸಿದೆ. ಈಗ ಚಿತ್ರವಿಲ್ಲದೆ ಲೇಖನ ಅರ್ಥವಾಗದು. ನಿಜ ಹೇಳಬೇಕೆಂದರೆ ಲೇಖನವೂ ಮೊದಲಿಗಿಂತ ಚೆನ್ನಾಯಿತು. ಒಂದು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ರೋಗಿಯ ಬೆರಳಿನ ಚಿತ್ರವನ್ನು ಪ್ರಕಟಿಸುವುದಕ್ಕೂ ಅವರ ಒಪ್ಪಿಗೆಯ ಸಹಿ ಪಡೆಯುವವನು ನಾನು. ಇಲ್ಲಿ ಹಕ್ಕಿನ ಮಾತೆಲ್ಲ ಕ್ಯಾಮೆರಾ ಹಿಡಿದವರದು, ರುಮಾಲಿನವರದಲ್ಲ.

ಊರಿನ ಶಾಲೆಯಲ್ಲಿ ಹಾಕಲು ತಮ್ಮ ಅದೇ ಚಿತ್ರ ಕೇಳಿದ. ಅಲ್ಲಿ ಕಾನೂನೇ ಬೇರೆ. ಭಾರತದ 1957ರ ಕಾಯಿದೆಯ ಪ್ರಕಾರ 2012ರ ತಿದ್ದುಪಡಿಯವರೆಗೆ ಛಾಯಾಚಿತ್ರಕ್ಕೆ ಪ್ರಕಟಣೆಯಾದ ಮೇಲೆ 60 ವರ್ಷಗಳ ಹಕ್ಕಿತ್ತು. ಮೂವತ್ತರ ದಶಕದಲ್ಲೇ ಪ್ರಕಟವಾಗಿದ್ದರೆ ಅದು ಎಂದೋ ಮುಗಿದಿದೆ. 52ನೆಯ ಕಲಮಿನ ‘ಫೇರ್ ಡೀಲಿಂಗ್’ ಸಂಶೋಧನೆಯೂ ಸೇರಿದಂತೆ ಸ್ವಂತ ಬಳಕೆ, ವಿಮರ್ಶೆ, ವರದಿಗಾರಿಕೆ ಎಂದು ಉದ್ದೇಶಗಳನ್ನು ಹೆಸರಿಸಿಯೇ ಹೇಳುತ್ತದೆ. ಇಲ್ಲಿಗೆ ಓದಲು ಬರುವ ಮಕ್ಕಳು ಪ್ರಬಂಧಕ್ಕೆ ಚಿತ್ರ ಅಂಟಿಸುವ ಮುನ್ನ ಯಾವ ದೇಶದ ಕಾನೂನು ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಸಂಚಿಕೆ ಬಂದ ದಿನ ಅಪ್ಪನಿಗೆ ಫೋನಿನಲ್ಲಿ ಕಾರಿನ ಸಂಗತಿ ತಿಳಿಸಿದೆ. ಮೂರನೆಯವರು ಮುತ್ತಜ್ಜನಾಗಿರಲಾರರು ಎನ್ನಲು ನನಗೆ ಸಂಕೋಚ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಜ್ಜನೂ ಅದೇ ಬ್ಲಫಿನಲ್ಲಿ ಕೆಲಸಕ್ಕಿದ್ದವರು.

“ಹಂಗಾದ್ರೆ ಅದು ನಮ್ಮಪ್ಪನೇ ಇರ್ಬೇಕು ಕಣಪ್ಪ,” ಎಂದರು. “ಇನ್ನೂ ವಸಿ ದೊಡ್ಡದು ಮಾಡಿ ಕಳ್ಸು, ನೋಡ್ತೀನಿ.”