ಪ್ಲಾನ್ ಪ್ರಕಾರ ನಡೆಯದ ಪ್ಲಾನ್ಡ್ ಸಿಟಿ

ಕ್ಯಾನ್‌ಬೆರಾಕ್ಕೆ ಬಂದ ಮೊದಲ ವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ನಾನಿರುವ ಬೀದಿ ತೋರಿಸಿದೆ. ಜುಲೈ ತಿಂಗಳ ಚಳಿ, ಸಂಜೆ ಆರೂವರೆ. ಎರಡೂ ಬದಿ ಸಾಲುಮರ. ಒಂದೇ ಒಂದು ಜಾಹೀರಾತು ಫಲಕವಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ‘ಅಲ್ಲೇನು ಕರ್ಫ್ಯೂನೇ?’ ಎಂದರು ಅಮ್ಮ. ಹಾಸನದ ಬಸ್ ಸ್ಟ್ಯಾಂಡ್ ಗದ್ದಲ ಕೇಳುತ್ತಾ ಬೆಳೆದ ನನಗೂ ಅದೇ ಅನುಮಾನ. ಅಷ್ಟರಲ್ಲಿ ಪೊದೆಯ ಹಿಂದಿನಿಂದ ಕಾಂಗರೂ ಒಂದು ಇಣುಕಿತು. ಅವತ್ತು ನನಗೆ ಸಿಕ್ಕ ಜೊತೆ ಅದೊಂದೇ.

ಆಸ್ಟ್ರೇಲಿಯಾದ ರಾಜಧಾನಿ ಯಾವುದು ಎಂದರೆ ಈಗಲೂ ಅನೇಕರು ಸಿಡ್ನಿ ಎನ್ನುತ್ತಾರೆ. ಪಿಯುಸಿಯಲ್ಲಿ ಕ್ವಿಜ್‌ನಲ್ಲಿ ನಾನೂ ಹಾಗೇ ಹೇಳಿ ಅಂಕ ಕಳೆದುಕೊಂಡಿದ್ದೆ. ಈ ಊರು ಹುಟ್ಟಿದ್ದೇ ಆ ಪೈಪೋಟಿಯಿಂದ. 1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟವಾದಾಗ ರಾಜಧಾನಿ ಪಟ್ಟಕ್ಕೆ ಸಿಡ್ನಿ, ಮೆಲ್ಬರ್ನ್ ಎರಡೂ ಹಟ ಹಿಡಿದಿದ್ದವು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರವಿರಬೇಕು, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಬೇಕು ಎಂದು ಸಂವಿಧಾನದಲ್ಲೇ ಬರೆದು ರಾಜಿ ಮಾಡಿದರು. ಹೀಗೆ ಕುರಿ ಮೇಯುವ ಬಯಲಿಗೆ ಅದೃಷ್ಟ ಬಂತು.

ಊರಿನ ನಕ್ಷೆಗಾಗಿ 1911ರಲ್ಲಿ ಜಾಗತಿಕ ಸ್ಪರ್ಧೆ ನಡೆಯಿತು. 137 ನಕ್ಷೆಗಳು ಬಂದವು. ಗೆದ್ದವರು ಷಿಕಾಗೊದ ವಾಲ್ಟರ್ ಬರ್ಲಿ ಗ್ರಿಫಿನ್. ಆ ಜಾಗವನ್ನು ಅವರು ಕಣ್ಣಾರೆ ಕಂಡೇ ಇರಲಿಲ್ಲ. ಬೆಟ್ಟಗಳನ್ನು ಸಮ ಮಾಡುವ ಬದಲು ಅವುಗಳನ್ನೇ ಗುರುತಾಗಿಟ್ಟುಕೊಂಡು ದಾರಿ ಎಳೆದರು. ನಡುವೆ ದೊಡ್ಡ ಕೆರೆ ಬಿಡಿಸಿದರು. ತೀರ್ಪುಗಾರರ ಕಣ್ಣು ಸೆಳೆದ ಚಿತ್ರಗಳನ್ನು ಬರೆದಿದ್ದು ಅವರ ಪತ್ನಿ ಮೇರಿಯನ್ ಮಹೋನಿ ಗ್ರಿಫಿನ್. ಆಕೆಯೂ ವಾಸ್ತುಶಿಲ್ಪಿ. ಹೆಸರು ಮಾತ್ರ ಬಹುಕಾಲ ಗಂಡನದ್ದೇ ಓಡಾಡಿತು.

ಆ ನಕ್ಷೆ ‘ಖಾಲಿ ಬಯಲು’ ಎಂದುಕೊಂಡ ನೆಲದಲ್ಲಿ ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳಿದ್ದರು. ಇವತ್ತು ಇಲ್ಲಿ ಯಾವುದೇ ಸಭೆ ಶುರುವಾಗುವುದು ನುನ್ನವಾಲ್ ಜನರನ್ನು ನೆನೆದೇ. ಹಳೆಯ ಸಂಸತ್ ಭವನದ ಎದುರಿನ ಹುಲ್ಲುಹಾಸಿನಲ್ಲಿ ಮೂಲನಿವಾಸಿಗಳ ‘ಟೆಂಟ್ ಎಂಬಸಿ’ ಇದೆ. 1972ರಲ್ಲಿ ಭೂಮಿಯ ಹಕ್ಕು ಕೇಳಿ ನಾಲ್ವರು ಅಲ್ಲೊಂದು ಕೊಡೆ ನೆಟ್ಟು ಕೂತಿದ್ದರು. ಅಳತೆ ಹಿಡಿದು ಕಟ್ಟಿದ ಊರಿನಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಆ ಜಾಗ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು.

ಇನ್ನು ನನ್ನ ಪ್ಲಾನ್. ಅದನ್ನು ಅಪ್ಪನೂ ನಾನೂ ಸೇರಿ ನೋಟ್‌ಬುಕ್ಕಿನಲ್ಲಿ ಬರೆದಿದ್ದೆವು. ಸಾರ್ವಜನಿಕ ಆಡಳಿತದಲ್ಲಿ ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಕೆಲಸ, ಆಮೇಲೆ ಎಜುಕೇಷನ್ ಲೋನ್ ತೀರಿಸುವುದು. ಊರಿನ ತುಂಬಾ ಸರ್ಕಾರಿ ಕಚೇರಿಗಳು, ಕೆಲಸಕ್ಕೇನು ಬರ ಎಂದುಕೊಂಡಿದ್ದೆ. ಅರ್ಜಿ ಹಾಕತೊಡಗಿದಾಗ ತಿಳಿಯಿತು, ಇಲ್ಲಿನ ಕೇಂದ್ರ ಸರ್ಕಾರದ ಬಹುತೇಕ ಹುದ್ದೆಗಳಿಗೆ ಪೌರತ್ವ ಬೇಕು. ಇದೇನೂ ಗುಟ್ಟಲ್ಲ, ಜಾಹೀರಾತಿನಲ್ಲೇ ಇರುತ್ತದೆ. ಫೀಸು, ಬಾಡಿಗೆ, ಹವಾಮಾನ ಎಲ್ಲ ವಿಚಾರಿಸಿದ್ದ ನಾನು ಅದೊಂದನ್ನು ಓದಿರಲಿಲ್ಲ. ಓದಲು ಬರುವವರು ಕೋರ್ಸ್ ನೋಡುವ ಮೊದಲು ಆ ಊರಿನ ಕೆಲಸದ ಜಾಹೀರಾತುಗಳನ್ನು ನೋಡಿ.

ಪದವಿ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಒಂದರಲ್ಲಿ ರಾತ್ರಿ ಪಾಳಿ ಹಿಡಿದೆ. ಅಪ್ಪನಿಗೆ ‘ಇಂಟರ್‌ವ್ಯೂ ನಡೀತಿದೆ’ ಎನ್ನುತ್ತಿದ್ದೆ. ಅವರು ಮಾತು ಬದಲಿಸಿ ‘ಅಲ್ಲಿ ಸೈಟ್ ರೇಟ್ ಎಷ್ಟು ಪುಟ್ಟಿ?’ ಎಂದು ಕೇಳುತ್ತಿದ್ದರು. ಇಲ್ಲಿ ಮನೆಯ ನೆಲ ಸ್ವಂತಕ್ಕೆ ಸಿಗಲ್ಲ, ಸರ್ಕಾರ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆಗೆ ಕೊಡುತ್ತದೆ ಎಂದಾಗ, ‘ಅದೆಂಥ ಊರಪ್ಪಾ!’ ಎಂದು ನಕ್ಕಿದ್ದರು.

ರಜೆಯ ದಿನಗಳಲ್ಲಿ ಕೆರೆಯ ಸುತ್ತ ನಡೆಯುವುದು ಅಭ್ಯಾಸವಾಯಿತು. ಗ್ರಿಫಿನ್ ಕಥೆ ಪೂರ್ತಿ ಓದಿದ್ದು ಆಗಲೇ. 1913ರಲ್ಲಿ ಊರಿಗೆ ನಾಮಕರಣವೇನೋ ಆಯಿತು. ಮರುವರ್ಷವೇ ಮಹಾಯುದ್ಧ ಬಂತು, ದುಡ್ಡು ನಿಂತಿತು. ಅಧಿಕಾರಿಗಳ ಜೊತೆ ಗುದ್ದಾಡಿ ಸೋತ ಗ್ರಿಫಿನ್ 1920ರ ಕೊನೆಗೆ ಕೆಲಸ ಬಿಟ್ಟರು. ಸಂಸತ್ತು ಇಲ್ಲಿಗೆ ಬಂದಿದ್ದು 1927ರಲ್ಲಿ.

ಅವರು ಆಮೇಲೆ ಎಲ್ಲಿಗೆ ಹೋದರು ಗೊತ್ತೇ? ನಮ್ಮ ಲಖನೌಗೆ! ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕೆಂದು 1935ರಲ್ಲಿ ಹೋದವರಿಗೆ ಅಲ್ಲಿ ಒಂದರ ಹಿಂದೊಂದು ಕೆಲಸ ಸಿಕ್ಕಿತು. 1937ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡರು, ಅಲ್ಲೇ ಸಮಾಧಿಯಾದರು. ಅವರು ಬಿಡಿಸಿದ್ದ ಕೆರೆಗೆ ನೀರು ತುಂಬಿದ್ದು 1964ರಲ್ಲಿ. ಈಗ ಅದಕ್ಕೆ ಅವರದೇ ಹೆಸರು. ನಾನು ಇಂಡಿಯಾದಿಂದ ಬಂದು ಅವರ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದೆ, ಅವರು ಇಂಡಿಯಾದ ಮಣ್ಣಿನಲ್ಲಿ ಮಲಗಿದ್ದಾರೆ.

ಕಳೆದ ತಿಂಗಳು ಒಂದು ಭಾನುವಾರ ಮೌಂಟ್ ಐನ್ಸ್ಲಿ ಹತ್ತಿದೆ. ಯುದ್ಧ ಸ್ಮಾರಕದ ಹಿಂದಿನಿಂದ ಕಾಲುದಾರಿ ಇದೆ. ಮೇಲಿನ ನೋಟಕ್ಕೆ ಈಗ ಮೇರಿಯನ್ ಹೆಸರಿಟ್ಟಿದ್ದಾರೆ. ಆಕೆ ಕಾಣದೆ ಬರೆದ ಚಿತ್ರ ಅಲ್ಲಿಂದ ಕಾಣುತ್ತದೆ: ನೇರ ದಾರಿ, ಕೆರೆ, ಆಚೆ ಹಳೆಯ ಸಂಸತ್ತು, ಅದರ ಹಿಂದೆ ಬೆಟ್ಟದೊಳಗೆ ಹುದುಗಿರುವ 1988ರ ಹೊಸ ಸಂಸತ್ತು. ಅದರ ಹುಲ್ಲಿನ ಚಾವಣಿಯ ಮೇಲೆ ಜನ ಅಡ್ಡಾಡಲಿ, ಪ್ರತಿನಿಧಿಗಳು ಕೆಳಗಿರಲಿ ಎಂಬುದು ವಿನ್ಯಾಸದ ಆಶಯ. ಭದ್ರತೆಯ ಕಾರಣಕ್ಕೆ 2017ರಲ್ಲಿ ಆ ಇಳಿಜಾರಿಗೂ ಬೇಲಿ ಬಂತು. ಅಂದರೆ ಇಲ್ಲಿ ಯಾವ ಪ್ಲಾನೂ ಬರೆದಂತೆ ಉಳಿದಿಲ್ಲ. ಆದರೂ ಊರು ಇದೆ, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿದ್ದಾರೆ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಇಂಟರ್‌ವ್ಯೂ ಯಾವುದೂ ಇಲ್ಲ, ಅಂಗಡಿಯಲ್ಲಿ ಸಾಮಾನು ಜೋಡಿಸುತ್ತೇನೆ, ಲೋನ್ ಕಂತು ಅದರಿಂದಲೇ ಕಟ್ಟುತ್ತಿದ್ದೇನೆ, ಖಾಸಗಿ ಸಂಸ್ಥೆಗಳಲ್ಲಿ ಆರು ತಿಂಗಳು ನೋಡಿ ಆಗದಿದ್ದರೆ ಊರಿಗೆ ಬರುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಇದನ್ನ ಮೊದಲೇ ಹೇಳೋದಲ್ವಾ ಪುಟ್ಟಿ. ಊಟ ಆಯ್ತಾ?’ ಎಂದರು.

ಬೆಟ್ಟ ಇಳಿಯುವಾಗ ಕತ್ತಲಾಗಿತ್ತು. ದಾರಿಯಲ್ಲಿ ಎರಡು ಕಾಂಗರೂಗಳು ನಿಂತಿದ್ದವು. ಈ ಸಲ ನಾನು ಹೆದರಲಿಲ್ಲ.