ಮೌಸ್ ತಾನಾಗೇ ಓಡುವಾಗ ಬ್ರೇಕ್ ಎಲ್ಲಿದೆ?

200 ಬಿಲ್‌ಗಳನ್ನ ಒಂದೊಂದಾಗಿ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಹಾಕಬೇಕು ಅಂದ್ಕೊಳ್ಳಿ. ಅದೇ ಬಾಕ್ಸ್, ಅದೇ ಕ್ಲಿಕ್, ಅದೇ ಸೇವ್. ಈ ಕೆಲಸವನ್ನ ಪೈಥಾನ್‌ನ ಪೈಆಟೋಜಿಯುಐ ಅನ್ನೋ ಲೈಬ್ರರಿಗೆ ಒಪ್ಪಿಸಬಹುದು.

ಅದಕ್ಕೆ ಸ್ಕ್ರೀನ್ ಅಂದ್ರೆ ಗ್ರಾಫ್ ಶೀಟ್ ಇದ್ದ ಹಾಗೆ. ಎಡಗಡೆ ಮೇಲಿನ ಮೂಲೆ 0, 0. ಬಲಕ್ಕೆ ಹೋದಂತೆ ಎಕ್ಸ್ ಹೆಚ್ಚುತ್ತೆ. ಕೆಳಗಿಳಿದಂತೆ ವೈ ಹೆಚ್ಚುತ್ತೆ, ಇದು ಸ್ಕೂಲ್ ಗ್ರಾಫ್‌ಗೆ ಉಲ್ಟಾ. 'ಮೂವ್‌ಟು' ಆಜ್ಞೆಗೆ ಎರಡು ಅಂಕಿ ಕೊಟ್ರೆ ಕರ್ಸರ್ ಅಲ್ಲಿಗೆ ಹೋಗುತ್ತೆ, 'ಕ್ಲಿಕ್' ಅಂದ್ರೆ ಒತ್ತುತ್ತೆ.

ಅಪಾಯ ಇರೋದೂ ಇಲ್ಲೇ. ಆ ಜಾಗದಲ್ಲಿ ಯಾವ ಬಟನ್ ಇದೆ ಅಂತ ಅದು ನೋಡೋದಿಲ್ಲ. ಮಧ್ಯೆ ಪಾಪ್‌ಅಪ್ ಬಂದು 'ಸೇವ್' ಇದ್ದಲ್ಲಿ 'ಡಿಲೀಟ್' ಕೂತ್ರೆ, ಅದನ್ನೇ ಒತ್ತುತ್ತೆ. ನಿಲ್ಲಿಸೋಣ ಅಂತ ನೀವು ಮೌಸ್ ಹಿಡಿದ್ರೆ, ನಿಮ್ಮ ಕೈ ಒಂದ್ಕಡೆ ಎಳೆಯುತ್ತೆ, ಸ್ಕ್ರಿಪ್ಟ್ ಇನ್ನೊಂದ್ಕಡೆ. ಚಿಕ್ಕ ಸ್ಟಾಪ್ ಬಟನ್‌ಗೆ ಗುರಿ ಇಡೋದೇ ಕಷ್ಟ.

ಅದಕ್ಕೇ ಇರೋದು 'ಫೇಲ್‌ಸೇಫ್'. ಕರ್ಸರನ್ನ ಎಡಗಡೆ ಮೇಲಿನ ಮೂಲೆಗೆ ಜೋರಾಗಿ ತಳ್ಳಿ. ಗುರಿ ಬೇಕಿಲ್ಲ, ಸ್ಕ್ರೀನ್ ಅಂಚೇ ಅದನ್ನ ತಡೆದು ಮೂಲೆಗೆ ಸೇರಿಸುತ್ತೆ. ಲೈಬ್ರರಿ ಅದನ್ನ ಗಮನಿಸಿ, ಎರರ್ ಕೊಟ್ಟು ನಿಲ್ಲುತ್ತೆ. ನಿಮಗೆ ಸಮಯ ಸಿಗಲಿ ಅಂತ ಪ್ರತಿ ಆಜ್ಞೆ ಆದ್ಮೇಲೆ 0.1 ಸೆಕೆಂಡ್ 'ಪಾಸ್' ಕೂಡ ಇರುತ್ತೆ.

ಟೆಸ್ಟ್ ಮಾಡುವಾಗ ಆ ಪಾಸನ್ನ 1 ಸೆಕೆಂಡ್ ಮಾಡ್ಕೊಳ್ಳಿ. ಅಸಲಿ ಲೆಕ್ಕ ಮುಟ್ಟೋ ಮುಂಚೆ ಡೆಮೊ ಡೇಟಾದಲ್ಲಿ ಓಡಿಸಿ. ಫೇಲ್‌ಸೇಫ್ ಆಫ್ ಮಾತ್ರ ಮಾಡ್ಬೇಡಿ: ಇಡೀ ತಿಂಗಳ ಎಂಟ್ರಿ ಹೋಗಬಹುದು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.