ಎಂಟುನೂರು ರೂಪಾಯಿಯ ಹೆದರಿಕೆ

ಬಳ್ಳಾರಿ ಜಿಲ್ಲೆ ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಒಬ್ಬ ತಾಯಿ ನನ್ನ ಮುಂದೆ ಹಿಡಿದದ್ದು ಮೂರನೇ ತರಗತಿಯ ಮಗಳ ಗಣಿತದ ನೋಟ್‌ಬುಕ್. ಕೊನೆಯ ಹಾಳೆಯಲ್ಲಿ ಮಗಳ ಕೂಡುವ ಕಳೆಯುವ ಲೆಕ್ಕಗಳ ಕೆಳಗೆ ಅಮ್ಮನದೂ ಒಂದಿತ್ತು. ಎಡಗಡೆ ‘ಸಾಲಿ ಅಡಿಗಿ 4600’. ಬಲಗಡೆ ‘ಪಿಂಚಣಿ 800, ಲಕ್ಷ್ಮಿ 2000, ಅಕ್ಕಿ, ಕೂಲಿ’. ಕೂಲಿಯ ಮುಂದೆ ಅಂಕಿ ಇರಲಿಲ್ಲ, ಪ್ರಶ್ನೆಯ ಗುರುತಿತ್ತು. ಆರ್ಥಿಕ ಸಮೀಕ್ಷೆಗಳನ್ನು ಸಾಕಷ್ಟು ಓದಿದ್ದೇನೆ. ಇಷ್ಟು ಪ್ರಾಮಾಣಿಕವಾದ ಪಟ್ಟಿ ಅವುಗಳಲ್ಲಿ ಸಿಕ್ಕಿರಲಿಲ್ಲ.

ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಬ್ಬರು. ಶಾಲೆಯ ಬಿಸಿಯೂಟಕ್ಕೆ ಸಹಾಯಕ ಅಡುಗೆಯವರು ಬೇಕಾಗಿದ್ದರು. ಬೆಳಗ್ಗೆ ಹೋದರೆ ಮಧ್ಯಾಹ್ನದ ಪಾತ್ರೆ ತೊಳೆದು ಮನೆಗೆ ಬರಬಹುದು, ಮಕ್ಕಳು ಕಣ್ಣೆದುರೇ ಇರುತ್ತಾರೆ. ಆದರೂ ಆಕೆ ಹಿಂದೆಮುಂದೆ ನೋಡುತ್ತಿದ್ದಳು. “ಬ್ಯಾಂಕಿಗೆ ರೊಕ್ಕ ಬಂದ್ರ ಪಿಂಚಣಿ ಕಟ್ ಮಾಡ್ತಾರಂತ್ರೀ ಅಕ್ಕಾರ. ಕಾರ್ಡೂ ಹೋಗ್ತೈತಂತ. ಹಂಗಾದ್ರ ಹೊಲಕ್ಕ ಹೋಗೂದ ಚಲೋ ಅಲ್ಲೇನ್ರೀ?”

ಒಬ್ಬಂಟಿ ತಾಯಂದಿರು ಈ ಸೀಮೆಗೆ ಹೊಸಬರಲ್ಲ. ಇದು ದೇವದಾಸಿ ಪದ್ಧತಿ ಬೇರುಬಿಟ್ಟಿದ್ದ ನೆಲ. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದರೂ ಅಪ್ಪನ ಹೆಸರಿಲ್ಲದ ಮಕ್ಕಳನ್ನು ಸಾಕಿದ್ದು ತಾಯಂದಿರೇ. ಆಕೆಯ ಪಟ್ಟಿಯ ಪಿಂಚಣಿ, ಅಂದರೆ ರಾಜ್ಯದ ವಿಧವಾ ವೇತನ, 1984ರಿಂದ ಇದೆ, 2021ರಲ್ಲಿ ಘೋಷಣೆಯಾದ ಏರಿಕೆಯಿಂದ 600 ಇದ್ದದ್ದು 800 ಆಯಿತು. ಕೇಂದ್ರದ ವಿಧವಾ ಪಿಂಚಣಿಯ ಪಾಲು 2012ರಿಂದ 300 ರೂಪಾಯಿಯಲ್ಲೇ ನಿಂತಿದೆ. ಅದರ ಬಗ್ಗೆ ಬರೆಯಲು ಕುಳಿತರೆ ಸಿಟ್ಟು ಬರುತ್ತದೆ, ಬಿಡಿ.

ನನ್ನ ತಲೆ ಕೆಡಿಸಿದ್ದು ಬೇರೆಯದೇ ಒಂದು ಅಂಕಿ: 32,000. ವಿಧವಾ ವೇತನ ಬೇಕಿದ್ದರೆ ವರ್ಷದ ಆದಾಯ ಇದನ್ನು ದಾಟಬಾರದು. ದಿನಕ್ಕೆ ಭಾಗಿಸಿದರೆ 88 ರೂಪಾಯಿಯೂ ಪೂರ್ತಿ ಆಗುವುದಿಲ್ಲ. ಈಗ ಇದನ್ನು ಅದೇ ಸರ್ಕಾರದ ಬೇರೆ ಅಂಕಿಗಳ ಪಕ್ಕ ಇಟ್ಟು ನೋಡಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಆಗ ಖಾತ್ರಿ ಕೊಟ್ಟಿದ್ದ ನೂರು ದಿನವನ್ನೂ ಒಬ್ಬ ವಿಧವೆ ಪೂರೈಸಿದರೆ 37,000. ಅಂದರೆ 87ನೇ ದಿನ ಹಾರೆ ಹಿಡಿದ ಸಂಜೆಗೆ ಆಕೆ ಕಾಗದದ ಮೇಲೆ ನಿರ್ಗತಿಕಳಲ್ಲ! ಇನ್ನೂ ಇದೆ. ಪಟ್ಟಿಯ ‘ಲಕ್ಷ್ಮಿ’, ಅಂದರೆ ಮನೆಯ ಯಜಮಾನಿಗೆ ಕೊಡುವ ಗೃಹಲಕ್ಷ್ಮಿ, ವರ್ಷಕ್ಕೆ 24,000, ವಿಧವಾ ವೇತನ 9,600, ಕೂಡಿದರೆ 33,600. ಸರ್ಕಾರ ಎರಡು ಕೈಯಲ್ಲಿ ಕೊಡುವುದನ್ನೇ ಆದಾಯವೆಂದು ಎಣಿಸಿದರೆ, ಕಡ್ಡಿ ಎತ್ತಿಡದೆ ಮನೆಯಲ್ಲಿ ಕೂತವಳೂ ಮಿತಿ ದಾಟಿಬಿಡುತ್ತಾಳೆ. ಬಿಪಿಎಲ್ ಕಾರ್ಡಿನ ಮಿತಿಯಾದರೋ 1.20 ಲಕ್ಷ. ಆಹಾರ ಇಲಾಖೆಯ ಕಣ್ಣಿಗೆ ಬಡವಿಯಾದವಳು ಕಂದಾಯ ಇಲಾಖೆಯ ಕಣ್ಣಿಗೆ ಅನುಕೂಲಸ್ಥೆ.

ಬಿಸಿಯೂಟದ ಕಥೆ ಇದಕ್ಕಿಂತ ತಮಾಷೆ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಶುರುವಾದ ಈಶಾನ್ಯ ಕರ್ನಾಟಕದ ಮೊದಲ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಡುಗೆಯವರನ್ನು ತೆಗೆದುಕೊಳ್ಳುವಾಗ ವಿಧವೆಯರಿಗೆ ಆದ್ಯತೆ. 2025ರ ಬಜೆಟ್ಟಿನಲ್ಲಿ ಏರಿಸಿದ ಸಾವಿರ ಸೇರಿ ಸಹಾಯಕಿಗೆ ತಿಂಗಳಿಗೆ 4,600, ವರ್ಷಕ್ಕೆ ಹತ್ತು ತಿಂಗಳೆಂದರೆ 46,000. ವಿಧವೆ ಎಂದು ಕರೆದು ಸೌಟು ಕೊಡುತ್ತಾರೆ, ಸೌಟು ಹಿಡಿದದ್ದಕ್ಕೆ ವಿಧವಾ ವೇತನಕ್ಕೆ ಅನರ್ಹಳೆನ್ನಬಹುದಾದ ನಿಯಮವನ್ನೂ ಇಟ್ಟುಕೊಂಡಿದ್ದಾರೆ.

ಇಂಗ್ಲೆಂಡಿನಲ್ಲಿ ಒಬ್ಬಂಟಿ ತಾಯಿ ಅರೆಕಾಲಿಕ ಕೆಲಸಕ್ಕೆ ಸೇರಿದರೆ, ಒಂದು ಮಟ್ಟ ದಾಟಿದ ಮೇಲಿನ ಗಳಿಕೆಯಲ್ಲಿ ಪೌಂಡಿಗೆ 55 ಪೆನ್ನಿಯಂತೆ ನೆರವು ಕಡಿಮೆಯಾಗುತ್ತಾ ಹೋಗುತ್ತದೆ. ಅಲ್ಲಿನವರಿಗೆ ಅದೂ ಹೆಚ್ಚಾಯಿತೆಂದು ತಕರಾರು. ನಮ್ಮದು ಇಳಿಜಾರಲ್ಲ, ಬಾವಿ. 32,000ದ ತನಕ ಪೂರ್ತಿ 800, ಒಂದು ರೂಪಾಯಿ ಹೆಚ್ಚಾದರೆ ಸೊನ್ನೆ.

ನೋಟ್‌ಬುಕ್ಕಿನ ಲೆಕ್ಕವನ್ನು ಇಬ್ಬರೂ ಕೂತು ಮುಗಿಸಿದೆವು. ಪಿಂಚಣಿ ಪೂರ್ತಿ ಹೋಯಿತೆಂದೇ ಇಟ್ಟುಕೊಳ್ಳೋಣ. 46,000ದಲ್ಲಿ 9,600 ಕಳೆದರೆ 36,400 ಉಳಿಯಿತು. ಹೊಲದಲ್ಲೂ 370 ಸಿಗುತ್ತದೆಂದು ಹಿಡಿದರೆ ಇದು 98 ದಿನದ ಕೂಲಿಗೆ ಸಮ. ಮೆಣಸಿನಕಾಯಿ ಬಿಡಿಸುವುದು, ಕಂಪ್ಲಿ ಕಡೆಯ ಭತ್ತದ ನಾಟಿ, ಕಳೆ ಎಲ್ಲ ಸೇರಿ ವರ್ಷಕ್ಕೆ ಅದಕ್ಕಿಂತ ಹೆಚ್ಚು ದಿನ ಸಿಗುವುದಾದರೆ ಕೂಲಿಯೇ ಮೇಲು. ಸಿಗದಿದ್ದರೆ ಶಾಲೆ. “ನಾಟಿ ಹತ್ತಿದ್ರ ಸಿಗ್ತೈತ್ರೀ. ಆಮ್ಯಾಲ ಕುಂದ್ರೂದ” ಎಂದಳು. ಆ ಕೆಲಸಗಳೂ ಕಾಲುವೆಗೆ ನೀರು ಬಂದರೆ ಮಾತ್ರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಕಡೆ ರೈತರಷ್ಟೇ ಅಲ್ಲ, ಕೂಲಿಯವರೂ ಎದೆ ಹಿಡಿದುಕೊಂಡಿದ್ದರು.

ಆದರೆ 98 ದಿನ ಹೊಲದಲ್ಲಿ ದುಡಿದರೂ 36,000 ದಾಟುತ್ತದಲ್ಲ? ಮಿತಿ ಆಗಲೂ ಮುರಿಯಿತು. ವ್ಯತ್ಯಾಸ ಇಷ್ಟೇ: ಹೊಲದ ಕೂಲಿ ಸಂಜೆ ಕೈಗೆ ಬಂದು ಕಿರಾಣಿ ಅಂಗಡಿ ಸೇರುತ್ತದೆ, ಬಿಸಿಯೂಟದ ಗೌರವಧನ ಖಾತೆಗೆ ಬಂದು ದಾಖಲೆಯಾಗುತ್ತದೆ. ಆಕೆ ಹೆದರುತ್ತಿರುವುದು ದುಡಿಮೆಗಲ್ಲ, ದುಡಿದದ್ದು ಬರಹದಲ್ಲಿ ಕಾಣುವುದಕ್ಕೆ. ಒಂದು ವ್ಯವಸ್ಥೆ ತನ್ನ ಬಡವರಿಗೆ ಕಲಿಸಬಾರದ ಪಾಠ ಇದು.

ಅಕ್ಕಿ ಮತ್ತು ಎರಡು ಸಾವಿರದ ಬಗ್ಗೆ ಊರಲ್ಲಿ ಹಬ್ಬಿರುವ ಭಯ ಮಾತ್ರ ಪೂರಾ ಹುಸಿ. 46,000 ಗಳಿಸಿದವಳು 1.20 ಲಕ್ಷದ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಗೃಹಲಕ್ಷ್ಮಿ ತಪ್ಪುವುದು ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿದ್ದರೆ. ಬಿಸಿಯೂಟದ ಒಲೆ ಊದಿ ತೆರಿಗೆದಾರರಾದವರನ್ನು ನಾನಂತೂ ಕಂಡಿಲ್ಲ. ಗೌರವಧನ ತಡವಾಗುತ್ತದೆ ನಿಜ, ಗೃಹಲಕ್ಷ್ಮಿಯ ಕಂತೂ ತಡವಾಗುತ್ತದೆ. ಎರಡೂ ಕಡೆ ಕಾಯುವುದಿದ್ದೇ ಇದೆ.

ಆದ್ದರಿಂದ ಇಂಥ ಕೆಲಸ ಬಾಗಿಲಿಗೆ ಬಂದಾಗ 800 ಹೋಗುತ್ತದೆಂದು ಬಿಡಬೇಡಿ. ಅಕ್ಕಪಕ್ಕದವರ ಮಾತು ಕೇಳುವ ಮೊದಲು ನಾಡಕಚೇರಿಯಲ್ಲಿ ಕೇಳಿ. ಕಂಪ್ಲಿ, ಸಂಡೂರು, ಹೊಸಪೇಟೆಯ ಶಾಸಕರಲ್ಲಿ ಕೇಳಬೇಕಾದದ್ದೂ ಒಂದಿದೆ. ನರೇಗಾ ಕೂಲಿ 2023-24ರಲ್ಲಿ 316, ಮರುವರ್ಷ 349, ಆಮೇಲೆ 370 ಆಯಿತು; 32,000 ಮಾತ್ರ ಕದಲಲಿಲ್ಲ. ವಿಧವೆಯರ ಆದಾಯ ಮಿತಿಯನ್ನೂ ಬಿಪಿಎಲ್ ಕಾರ್ಡಿನ 1.20 ಲಕ್ಷಕ್ಕೆ ತನ್ನಿ.